ಕೊರತೆ ತುಂಬಿದವರ ಅಂಕಿತ

ಪುರಂದರದಾಸರು ಐದು ಲಕ್ಷ ಕೃತಿಗಳ ಸಂಕಲ್ಪ ತೊಟ್ಟು 4,75,000 ರಚಿಸಿದರು, ಉಳಿದ 25,000 ವಿಜಯದಾಸರಿಂದ ಪೂರ್ಣವಾಯಿತು ಎಂಬುದು ದಾಸಪರಂಪರೆಯ ನಂಬಿಕೆ. ಇಂದು ನಮ್ಮ ಕೈಯಲ್ಲಿರುವುದು ಅದರ ಸಣ್ಣ ಪಾಲು ಮಾತ್ರ. ಆದರೂ ಈ ನಂಬಿಕೆಯನ್ನು ನಾನು ಕಾವ್ಯದ ಪಾಠವೆಂದೇ ಓದುತ್ತೇನೆ. ಹಿರಿಯರ ಗಂಟಿನಲ್ಲಿ ಕೊರತೆ ಕಂಡರೆ ಕಿರಿಯರು ಬರೆದು ತುಂಬಬಹುದು, ಆದರೆ ಹೇಗೆ?

ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು (1682–1755) ಪುರಂದರದಾಸರನ್ನೇ ಗುರುವೆಂದು ನೆನೆದವರು. ಆದರೂ ತಮ್ಮ ರಚನೆಗೆ ‘ಪುರಂದರವಿಠಲ’ ಎಂದು ಹಾಕಲಿಲ್ಲ, ‘ವಿಜಯವಿಠಲ’ ಎಂದರು. ಗುರುವಿನ ಪದಗಳ ಧಾಟಿಯಲ್ಲೇ ನಿಲ್ಲದೆ, ತಾಳ ಬದಲಿಸುತ್ತ ತತ್ತ್ವವನ್ನು ಬಿಡಿಸುತ್ತ ಹೋಗಿ ಜತೆಯಲ್ಲಿ ಮುಗಿಯುವ ಸುಳಾದಿಗೆ ಹೆಸರಾದರು. ಅವರ ಶಿಷ್ಯ ಭಾಗಣ್ಣ ಗದ್ವಾಲ ಸೀಮೆಯ ಐಜಿ ಬಳಿಯ ಉತ್ತನೂರಿನಲ್ಲಿ ನೆಲೆಸಿ, ‘ಗೋಪಾಲವಿಠಲ’ ಅಂಕಿತದಿಂದ ಗೋಪಾಲದಾಸರಾದರು. ಅಲ್ಲಿಂದ ಮಾನ್ವಿಯ ಜಗನ್ನಾಥದಾಸರು. ಇವರ ‘ಹರಿಕಥಾಮೃತಸಾರ’ಕ್ಕೆ 32 ಸಂಧಿ, ಕೊನೆಗೆ ಬೇಕಾದ ಫಲಶ್ರುತಿ ಸಂಧಿಯನ್ನು ಬರೆದವರು ಶಿಷ್ಯ ಕರ್ಜಗಿ ದಾಸಪ್ಪ, ಅಂದರೆ ಶ್ರೀದವಿಠಲರು. ಪಾರಾಯಣದಲ್ಲಿ ಅದು ಗ್ರಂಥದೊಂದಿಗೇ ಸಾಗುತ್ತದೆ, ಯಾರದೆಂಬುದು ಮಾತ್ರ ಮರೆಯಾಗಿಲ್ಲ.

ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಎರಡು ನುಡಿಗಳ ಈ ನೆಲದಲ್ಲಿ ತೆಲುಗಿನ ದಾರಿಯನ್ನೂ ನೆನೆಯಬೇಕು. ನನ್ನಯ್ಯನ ಭಾರತ ಅರಣ್ಯಪರ್ವದ ನಡುವೆ ನಿಂತಿತು. ತಿಕ್ಕನ ವಿರಾಟಪರ್ವದಿಂದ ಮುಂದುವರಿಸಿದ. ನಡುವಿನ ತೆರವನ್ನು ತುಂಬಿದ ಎರ್ರನ, ನನ್ನಯ್ಯನೇ ಬರೆದಂತೆ ಅವನ ಆಶ್ರಯದಾತ ರಾಜರಾಜನರೇಂದ್ರನಿಗೇ ತನ್ನ ಭಾಗವನ್ನು ಅರ್ಪಿಸಿದ. ನಮ್ಮಲ್ಲಿ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣಕವಿ ಮುಂದುವರಿಸಿ ‘ಕೃಷ್ಣರಾಯಭಾರತ’ವೆಂದು ಬೇರೆಯೇ ಹೆಸರಿಟ್ಟ. ಎರ್ರನನ ವಿನಯ ದೊಡ್ಡದು. ನನಗೆ ಹತ್ತಿರವಾಗುವುದು ಮಾತ್ರ ದಾಸರ ದಾರಿ. ಅಂಕಿತವೆಂದರೆ ಕವಿಯ ಸ್ವಂತ ಹೆಸರಲ್ಲ, ಅವನ ವಿಠಲನ ಹೆಸರು. ಹಾಗಾಗಿ ಅದರಲ್ಲಿ ಹಮ್ಮಿಲ್ಲ. ಆದರೆ ಈ ನುಡಿಗೆ ನಾನು ಹೊಣೆ ಎಂಬ ಒಪ್ಪಿಗೆಯಿದೆ.

ನಾರಾಯಣಪೇಟೆ, ಮಖ್ತಲ್, ಗದ್ವಾಲಗಳಲ್ಲಿ ಕನ್ನಡ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುವವರಿದ್ದಾರೆ. ಕೈಯಿಂದ ಕೈಗೆ ಇಳಿಯುವಾಗ ನುಡಿ ಹಾರುತ್ತದೆ, ಚರಣ ಕಳೆಯುತ್ತದೆ. ಭಜನೆಯ ಪುಸ್ತಕ ತರುವವರಲ್ಲಿ ನನ್ನ ಬೇಡಿಕೆ ಇಷ್ಟೆ: ಕಳೆದ ಚರಣವನ್ನು ಮೊದಲು ಹಿರಿಯರ ಬಾಯಲ್ಲಿ ಹುಡುಕಿ. ಸಿಗದಿದ್ದರೆ ತೆರಪು ತೆರಪಾಗಿಯೇ ಅಚ್ಚಾಗಲಿ. ಹೊಸದು ಬರೆಯುವ ಶಕ್ತಿ ಇದ್ದವರು ಧಾರಾಳವಾಗಿ ಬರೆಯಲಿ, ಬೇರೆ ಪದವಾಗಿ, ತಮ್ಮದೇ ಅಂಕಿತದಲ್ಲಿ. ಹಾಗೆ ಬರೆದದ್ದರಿಂದಲೇ ಪುರಂದರರ ಕೊರತೆ ತುಂಬಿದ್ದಲ್ಲದೆ ಕನ್ನಡಕ್ಕೆ ವಿಜಯದಾಸರೂ ಸಿಕ್ಕರು.