ಇಪ್ಪತ್ತು ರೂಪಾಯಿ ಚೀಟಿ

2024ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹೊರರೋಗಿ ಚೀಟಿ 10 ರೂಪಾಯಿಯಿಂದ 20ಕ್ಕೆ, ಒಳರೋಗಿ ನೋಂದಣಿ 25ರಿಂದ 50ಕ್ಕೆ ಏರಿತು. ವಿರೋಧ ಪಕ್ಷ ಸರ್ಕಾರದ ಗ್ಯಾರಂಟಿ ಯೋಜನೆಗಳ ಖರ್ಚಿನತ್ತ ಬೆರಳು ತೋರಿಸಿತು, ಸರ್ಕಾರ ಇದು ಸಣ್ಣ ಏರಿಕೆ ಎಂದಿತು. ಅಲ್ಲಿಗೆ ಗದ್ದಲ ಮುಗಿಯಿತು.

ಅನುದಾನ ಸಾಲದಾದಾಗ ರೋಗಿಯ ಕಿಸೆಗೆ ಕೈಹಾಕುವುದು ಹಳೆಯ ಪದ್ಧತಿ. 1987ರಲ್ಲೇ ವಿಶ್ವ ಬ್ಯಾಂಕ್ ಬಡ ದೇಶಗಳಿಗೆ ಇದನ್ನು ಬೋಧಿಸಿತ್ತು. ಅದರ ಸಾಲದಲ್ಲಿ 1996ರಲ್ಲಿ ಶುರುವಾದ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆಯ ಕಾಲಕ್ಕೆ ಈ ಪದ್ಧತಿ ನಮ್ಮ ಕರ್ನಾಟಕದಲ್ಲೂ ಬೇರೂರಿತು.

ಇದರ ಪರವಾಗಿ ಒಂದು ಗಟ್ಟಿ ಮಾತಿದೆ, ವಿರೋಧಿಸುವವರು ಅದನ್ನು ನುಂಗಿಬಿಡುತ್ತಾರೆ. ವಸೂಲಾದ ಹಣ ಖಜಾನೆ ಸೇರದೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೇ ಉಳಿಯುತ್ತದೆ. ಶೌಚಾಲಯದ ನಲ್ಲಿ ಕಿತ್ತುಹೋದರೆ, ಜನರೇಟರ್‌ಗೆ ಡೀಸೆಲ್ ಮುಗಿದರೆ, ಕಡತ ಬೆಂಗಳೂರಿಗೆ ಹೋಗಿ ಬರಲಿ ಎಂದು ಕೂರಬೇಕಿಲ್ಲ. ನಿಜ. ಆದರೆ ಇದು ಆಸ್ಪತ್ರೆಯ ಕೈಯಲ್ಲಿ ಬಿಡಿ ದುಡ್ಡು ಇರಬೇಕು ಎಂಬುದಕ್ಕೆ ವಾದ. ಆ ದುಡ್ಡು ಜ್ವರ ಬಂದವನಿಂದಲೇ ಬರಬೇಕು ಎಂಬುದಕ್ಕಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇಂಥದ್ದೇ ಮುಕ್ತ ನಿಧಿ ಇದೆ. ಅದನ್ನು ಹಿಗ್ಗಿಸಿದರಾಯಿತು.

ಬಡವರಿಗೆ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಕೌಂಟರಿನ ಮುಂದೆ ಅರ್ಧ ಗಂಟೆ ನಿಂತು ನೋಡಬೇಕು. ಬಿಪಿಎಲ್ ಕಾರ್ಡು ಊರಲ್ಲಿ ಉಳಿದಿರುತ್ತದೆ. ತಂದಿದ್ದರೆ ಜೆರಾಕ್ಸ್ ಇರುವುದಿಲ್ಲ. ಜೆರಾಕ್ಸ್ ಅಂಗಡಿ ಹುಡುಕಿ ವಾಪಸ್ ಬರುವಷ್ಟರಲ್ಲಿ ಸಾಲು ದುಪ್ಪಟ್ಟಾಗಿರುತ್ತದೆ. ಇಷ್ಟೆಲ್ಲ ಯಾಕೆ ಎಂದು ಹೆಚ್ಚಿನವರು ಇಪ್ಪತ್ತು ರೂಪಾಯಿ ಕೊಟ್ಟೇಬಿಡುತ್ತಾರೆ.

ಕಿಸೆ ನಿಜಕ್ಕೂ ಖಾಲಿಯಾಗುವುದು ಔಷಧ ಕಿಟಕಿಯಲ್ಲಿ, ‘ಸ್ಟಾಕಿಲ್ಲ, ಹೊರಗೆ ತಗೊಳ್ಳಿ’ ಎಂದಾಗ. ಉಗಾಂಡ 2001ರಲ್ಲಿ, ಖಾಸಗಿ ವಾರ್ಡು ಬಿಟ್ಟು, ಸರ್ಕಾರಿ ಆಸ್ಪತ್ರೆಗಳ ಶುಲ್ಕವನ್ನೇ ತೆಗೆದುಹಾಕಿತು. ಬಡವರು ಧೈರ್ಯವಾಗಿ ಬಂದರು. ಆದರೆ ಔಷಧ ಪದೇ ಪದೇ ಖಾಲಿಯಾಗಿ ಅನೇಕರು ಹೊರಗಿನ ಅಂಗಡಿಯಲ್ಲೇ ದುಡ್ಡು ಸುರಿದರು. ಹಾಗಾಗಿ ಶುಲ್ಕ ರದ್ದು ಮಾಡಿ ಎಂದು ಕೂಗುವುದು ಅರ್ಧ ಕೆಲಸವಷ್ಟೇ.

ತಮಿಳುನಾಡಿನ ವೈದ್ಯಕೀಯ ಸೇವಾ ನಿಗಮ ಉಳಿದರ್ಧವನ್ನು ತೊಂಬತ್ತರ ದಶಕದ ನಡುವಿನಲ್ಲೇ ಮಾಡಿ ತೋರಿಸಿತು: ಸಗಟು ಖರೀದಿ, ಜಿಲ್ಲಾ ಗೋದಾಮು, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಪಾಸ್‌ಬುಕ್ಕಿನ ಮೊತ್ತಕ್ಕೆ ತಕ್ಕಂತೆ ಆಸ್ಪತ್ರೆಯೇ ತನಗೆ ಬೇಕಾದ ಔಷಧ ಎತ್ತಿಕೊಳ್ಳುತ್ತದೆ. ನಮ್ಮಲ್ಲೂ ನಿಗಮವಿದೆ, ಗೋದಾಮುಗಳಿವೆ. ಆದರೆ ಟೆಂಡರ್ ತಡವಾದಾಗ ಆಸ್ಪತ್ರೆಗಳು ಸ್ಥಳೀಯ ಖರೀದಿಗೆ ಇಳಿಯುತ್ತವೆ, ಅದಕ್ಕೆ ಕೈ ಹೋಗುವುದು ಇದೇ ಚೀಟಿ ದುಡ್ಡಿನ ಖಾತೆಗೆ. ಸರ್ಕಾರ ಮಾಡಿದ ತಡದ ಬಿಲ್ಲನ್ನು ರೋಗಿ ತುಂಬುತ್ತಿದ್ದಾನೆ.