‘ದೌ’ ಎಂದರೆ ‘ತಾವು’ ಅಲ್ಲ

ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಪದ್ಯ ಕಲಿಸುತ್ತಿದ್ದ ಮೇಷ್ಟ್ರು ‘ದೌ’ ಎಂಬ ಪದ ಬಂದಾಗಲೆಲ್ಲ ಒಂದು ಕ್ಷಣ ನಿಂತು, ದನಿ ತಗ್ಗಿಸಿ, ಬೋರ್ಡಿನ ಮೇಲೆ ಅದರ ಎದುರಿಗೆ ‘ತಾವು’ ಎಂದು ಬರೆಯುತ್ತಿದ್ದರು. ಎರಡರ ಸದ್ದಿನಲ್ಲೂ ಏನೋ ಹೋಲಿಕೆ ಇದೆಯಲ್ಲ, ನಮಗೆ ಅಷ್ಟೇ ಸಾಕಾಗಿತ್ತು. ದೇವರಿಗೆ, ರಾಜರಿಗೆ, ಪದ್ಯದೊಳಗಿನ ಹಕ್ಕಿಗೆ ಸಲ್ಲುವ ಗೌರವದ ಮಾತು ಅದು ಎಂದು ಇಡೀ ಕ್ಲಾಸು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿತು. ನನಗೆ ಇಂಗ್ಲಿಷ್ ಕಾವ್ಯದ ರುಚಿ ಹತ್ತಿಸಿದವರೇ ಅವರು. ಆದರೆ ಆ ಒಂದು ಅರ್ಥ ಪೂರ್ತಿ ತಲೆಕೆಳಗಾಗಿತ್ತು. ‘ದೌ’ ಎಂದರೆ ತಾವು ಅಲ್ಲ, ನೀನು. ಜಗಳದ ಹೊತ್ತಿನಲ್ಲಿ ಅದು ‘ನೀನ್ಯಾವನೋ’ ಎನ್ನುವಷ್ಟು ಒರಟು.

ಮೇಷ್ಟ್ರ ತಪ್ಪು ಸಣ್ಣದು, ತಿದ್ದಿಕೊಳ್ಳುವುದು ಸುಲಭ. ನನ್ನ ತಕರಾರು ಇರುವುದು ಅದನ್ನು ತಿದ್ದಿದ ಮೇಲೆ ಓದಿಕೊಂಡವರು ಹೇಳುವ ಕಥೆಯ ಬಗ್ಗೆ. ಅದು ಎಲ್ಲರಿಗೂ ಗೊತ್ತಿರುವಂಥದ್ದೇ. ಹಳೆಯ ಇಂಗ್ಲಿಷಿನಲ್ಲಿ ಒಬ್ಬರಿಗೆ ‘ದೌ’, ಹಲವರಿಗೆ ‘ಯೀ’ ಮತ್ತು ‘ಯೂ’. 1066ರ ನಂತರ ನಾರ್ಮನ್ನರ ಜೊತೆ ಫ್ರೆಂಚ್ ಬಂತು. ಅದರ ‘ತು’, ‘ವು’ಗಳ ರೂಢಿ ಹಬ್ಬಿ, 13ನೇ ಶತಮಾನದಿಂದೀಚೆಗೆ ದೊಡ್ಡವರಿಗೆ ಬಹುವಚನ ಸಲ್ಲತೊಡಗಿತು. ಆಮೇಲೆ ಆಂಗ್ಲರು ಸಮಾನತೆಯ ಕಡೆ ಹೊರಳಿದರು, ಮೇಲುಕೀಳಿನ ಗುರುತಾಗಿದ್ದ ‘ದೌ’ವನ್ನು ಬಿಟ್ಟರು, ಎಲ್ಲರೂ ‘ಯೂ’ ಆದರು. ಕನ್ನಡದಲ್ಲಿ ಈ ಕಥೆಗೆ ಇನ್ನೊಂದು ಮಾತು ಅಂಟಿಕೊಳ್ಳುತ್ತದೆ: ನಮ್ಮಲ್ಲಿ ನೋಡಿ ನೀನು, ನೀವು, ತಾವು ಅಂತ ಮೆಟ್ಟಿಲು ಮೆಟ್ಟಿಲು, ಅವರಲ್ಲಿ ಪ್ರಧಾನಿಗೂ ಜವಾನನಿಗೂ ಒಂದೇ ‘ಯೂ’. ಈ ಮಾತನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕಥೆಯ ಮೊದಲರ್ಧ ಸರಿಯಾಗಿದೆ. ಕೊನೆ ಮಾತ್ರ ಸುಳ್ಳು.

ಪದದ ಹುಟ್ಟಿನಲ್ಲಿ ಮೇಲುಕೀಳು ಇರಲೇ ಇಲ್ಲ. ಸಂಸ್ಕೃತದ ‘ತ್ವಂ’, ಲ್ಯಾಟಿನ್ನಿನ ಮತ್ತು ಹಿಂದಿಯ ‘ತೂ’, ಜರ್ಮನ್ನಿನ ‘ಡು’ ಎಲ್ಲವೂ ‘ದೌ’ವಿನ ಒಡಹುಟ್ಟುಗಳು. ಹಳೆಯ ಇಂಗ್ಲಿಷಿನಲ್ಲಿ ರಾಜನಿಗೂ ಆಳಿಗೂ ಅದೇ ಪದ, ಯಾಕೆಂದರೆ ಅದು ಹೇಳುತ್ತಿದ್ದದ್ದು ಎದುರಿಗಿರುವವರು ಒಬ್ಬರು ಎಂದಷ್ಟೇ. ಇಬ್ಬರಿದ್ದರೆ, ಸಂಸ್ಕೃತದ ದ್ವಿವಚನದ ಹಾಗೆ, ‘ನೀವಿಬ್ಬರು’ ಎನ್ನಲು ಬೇರೆಯೇ ಸರ್ವನಾಮವಿತ್ತು. ಅದು ಸದ್ದಿಲ್ಲದೆ ಕಣ್ಮರೆಯಾಯಿತು. ‘ದೌ’ ಹಾಗೆ ಸುಮ್ಮನೆ ಹೋಗಲಿಲ್ಲ. ಮೊದಲು ಬೈಗುಳವಾಯಿತು, ಆಮೇಲೆ ಹೋಯಿತು.

1603ರ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ಪರ ವಾದಿಸಿದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್. ವಾದದ ಬಿಸಿಯಲ್ಲಿ ಅವನು ರ‍್ಯಾಲಿಗೆ ‘ದೌ’ ಎಂದ. ಎಂದು ಸುಮ್ಮನಾಗದೆ, ಆ ಪದವನ್ನೇ ಕ್ರಿಯಾಪದ ಮಾಡಿಕೊಂಡು, ನಿನ್ನನ್ನು ಬೇಕೆಂದೇ ಹಾಗೆ ಕರೆಯುತ್ತಿದ್ದೇನೆ ಎಂದು ಸಾರಿದ. ಇಂದಿನ ಇಂಗ್ಲಿಷ್ ಓದುಗನಿಗೆ ಇದಕ್ಕೆ ಅಡಿಟಿಪ್ಪಣಿ ಬೇಕು. ನಮಗೆ ಬೇಡ. ‘ಏಕವಚನದಲ್ಲಿ ನಿಂದಿಸಿದರು’ ಎಂದು ನಮ್ಮ ಪತ್ರಿಕೆಗಳು ಬರೆದರೆ ಏನಾಗಿರಬೇಕೆಂದು ಓದುಗರಿಗೆ ಕೂಡಲೇ ತಿಳಿಯುತ್ತದೆ. ಮಾರ್ಕೆಟ್ಟಿನಲ್ಲಿ ಕೈ ಮಿಲಾಯಿಸುವ ಮುಂಚೆ ‘ಏಕವಚನ ಬೇಡ’ ಎಂಬ ಎಚ್ಚರಿಕೆ ಬಂದೇ ಬರುತ್ತದೆ. ಷೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ದ್ವಂದ್ವಯುದ್ಧದ ಸವಾಲು ಬರೆಯಲು ಹೊರಟವನಿಗೆ ಸರ್ ಟೋಬಿ ಕೊಡುವ ಸಲಹೆಯೂ ಇದೇ: ಕಾಗದದಲ್ಲಿ ಎದುರಾಳಿಯನ್ನು ಎರಡು ಮೂರು ಸಲ ‘ದೌ’ ಎಂದುಬಿಡು, ಕೆಟ್ಟದ್ದೇನಾಗದು.

ಒಂದು ಪದ ಇಷ್ಟು ಚೂಪಾದ ಮೇಲೆ ಅಪರಿಚಿತರ ಎದುರು ಅದನ್ನು ಆಡಲು ಜನ ಅಂಜುತ್ತಾರೆ. ಎದುರಿಗಿರುವವನ ಅಂತಸ್ತು ಗೊತ್ತಾಗದ ಊರಿನಲ್ಲಿ, ಅಂದರೆ ಬೆಳೆಯುತ್ತಿದ್ದ ಲಂಡನ್ನಿನಂಥ ಊರಿನಲ್ಲಿ, ಬಹುವಚನವೇ ಕ್ಷೇಮ. ಕೊಂಚ ಹೆಚ್ಚು ಗೌರವ ಕೊಟ್ಟರೆ ಕಳೆದುಕೊಳ್ಳುವುದೇನಿಲ್ಲ, ಕಡಿಮೆ ಕೊಟ್ಟರೆ ಕೆನ್ನೆಗೆ ಬೀಳಬಹುದು. 1700ರ ಹೊತ್ತಿಗೆ ಲಂಡನ್ನಿನ ದಿನಬಳಕೆಯಿಂದ ‘ದೌ’ ಬಹುಮಟ್ಟಿಗೆ ಹೋಗಿತ್ತು. ಸಮಾನತೆಯ ಕಥೆ ಹೇಳುವವರು ಈ ಇಸವಿಯನ್ನು ನೋಡಬೇಕು. ಬ್ರಿಟನ್ನಿನಲ್ಲಿ ಮತದಾನದ ಹಕ್ಕನ್ನು ಕೊಂಚವಾದರೂ ಹಿಗ್ಗಿಸಿದ ಕಾನೂನು ಬಂದದ್ದು 1832ರಲ್ಲಿ. ಗಂಡಸರಿಗೆ ಸಮನಾಗಿ ಹೆಂಗಸರಿಗೆ ಓಟು ಸಿಕ್ಕಿದ್ದು 1928ರಲ್ಲಿ. ‘ದೌ’ ಸಾಯುವ ಕಾಲಕ್ಕೆ ‘ಮೈ ಲಾರ್ಡ್’, ‘ಯುವರ್ ಆನರ್’ ಎಂಬ ಬಿರುದುಗಳಲ್ಲಿ ಒಂದೂ ಸತ್ತಿರಲಿಲ್ಲ, ಇವತ್ತಿಗೂ ಸತ್ತಿಲ್ಲ. ಸಮಾನತೆಗಾಗಿಯೇ ಸರ್ವನಾಮ ಬದಲಿಸಿದ ದೇಶ ನೋಡಬೇಕೆಂದರೆ ಸ್ವೀಡನ್ನಿಗೆ ಹೋಗಬೇಕು. ಅಲ್ಲಿ 1960ರ ದಶಕದ ಕೊನೆಯಲ್ಲಿ ಜನ ಬಿರುದು ಬಾವಲಿಗಳನ್ನು ಬಿಟ್ಟು ಎಲ್ಲರನ್ನೂ ‘ಡು’ ಎಂದು ಕರೆಯತೊಡಗಿದರು. 1967ರಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥನಾಗಿ ಬಂದ ಬ್ರೂರ್ ರೆಕ್ಸೆಡ್, ಸಿಬ್ಬಂದಿಯನ್ನೆಲ್ಲ ಹೆಸರು ಹಿಡಿದೇ ಕರೆಯುತ್ತೇನೆಂದದ್ದು ಅಲ್ಲಿ ಈಗಲೂ ನೆನಪಿನಲ್ಲಿರುವ ಘಟನೆ. ‘ಡು’ ಎಂದರೆ ನೀನು. ಸ್ವೀಡಿಷರು ಎಲ್ಲರನ್ನೂ ‘ನೀನು’ ಮಾಡಿಕೊಂಡರು. ಆಂಗ್ಲರು ಎಲ್ಲರನ್ನೂ ‘ನೀವು’ ಮಾಡಿದರು. ಎರಡೂ ಒಂದೇ ಎನ್ನುವವರಿಗೆ ಸಲುಗೆಗೂ ದಾಕ್ಷಿಣ್ಯಕ್ಕೂ ಇರುವ ದೂರ ಗೊತ್ತಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಇಂಗ್ಲೆಂಡಿನೊಳಗೇ ಇದೆ. 17ನೇ ಶತಮಾನದಲ್ಲಿ ಮನುಷ್ಯರೆಲ್ಲ ಸಮ ಎಂದು ಪ್ರಾಣ ಒತ್ತೆಯಿಟ್ಟು ನಂಬಿದವರು ಒಬ್ಬರಿದ್ದರೆ ಅವರು ಕ್ವೇಕರರೆಂಬ ಕ್ರೈಸ್ತ ಪಂಥದವರು. ಅವರು ಆರಿಸಿಕೊಂಡದ್ದು ‘ಯೂ’ವನ್ನಲ್ಲ, ‘ದೌ’ವನ್ನು. ನ್ಯಾಯಾಧೀಶನಿರಲಿ, ಜಮೀನ್ದಾರನಿರಲಿ, ಟೋಪಿ ತೆಗೆಯಲಿಲ್ಲ, ಬಹುವಚನ ಆಡಲಿಲ್ಲ. ಒಬ್ಬನನ್ನು ಹಲವರೆಂಬಂತೆ ಕರೆಯುವುದು ವ್ಯಾಕರಣಕ್ಕೂ ಸುಳ್ಳು, ಮನುಷ್ಯನ ಅಹಂಕಾರಕ್ಕೂ ಉಪಚಾರ ಎಂಬುದು ಅವರ ವಾದ. ಅವರ ನಾಯಕ ಜಾರ್ಜ್ ಫಾಕ್ಸ್ ಮತ್ತು ಇಬ್ಬರು ಸಂಗಡಿಗರು 1660ರಲ್ಲಿ ಇದಕ್ಕೆಂದೇ ಒಂದು ದೊಡ್ಡ ಪುಸ್ತಕ ಅಚ್ಚು ಹಾಕಿಸಿದರು. ಮಕ್ಕಳು ಅಕ್ಷರ ಕಲಿಯುವ ಹಲಗೆಯ ಆಕಾರವನ್ನು ಪುಟಗಳಲ್ಲಿ ಬಿಡಿಸಿ, ಅದರೊಳಗೆ ಹಲವು ಭಾಷೆಗಳ ಏಕವಚನ ಬಹುವಚನಗಳನ್ನು ಜೋಡಿಸಿಟ್ಟು, ಪಂಡಿತರಿಗೆ ಮೊದಲನೇ ಪಾಠ ಹೇಳಿದರು. ಸುಮಾರು ಅದೇ ಸಮಯಕ್ಕೆ ಥಾಮಸ್ ಎಲ್ವುಡ್ ಎಂಬ ಇಪ್ಪತ್ತರ ಹರೆಯದ ಹುಡುಗ ಕ್ವೇಕರನಾದ. ಮುಂದೆ ಕುರುಡ ಮಿಲ್ಟನ್ನನಿಗೆ ಪುಸ್ತಕ ಓದಿ ಹೇಳಿದವನು ಇವನೇ. ಅವನು ಅಪ್ಪನ ಎದುರು ಟೋಪಿ ತೆಗೆಯದೆ ನಿಂತು ‘ದೌ’ ಎಂದಾಗ, ಸ್ವತಃ ಮ್ಯಾಜಿಸ್ಟ್ರೇಟನಾಗಿದ್ದ ಆ ಅಪ್ಪ ಮುಷ್ಟಿಯಿಂದ ಗುದ್ದಿದ. ಇನ್ನೊಮ್ಮೆ ಹಾಗೆಂದರೆ ಹಲ್ಲು ಮುರಿದು ಗಂಟಲಿಗಿಳಿಸುವುದಾಗಿ ಗದರಿದ. ಎಲ್ವುಡ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಸಮಾನತೆ ಬಯಸಿದವರು ಆಡಿದ ಪದ ಇದು, ಸಮಾನತೆ ಸಹಿಸದವರು ಹಲ್ಲು ಮುರಿಯಲು ಬಂದದ್ದೂ ಇದೇ ಪದಕ್ಕೆ. ಸಮಾನತೆಯಿಂದಾಗಿ ‘ದೌ’ ಹೋಯಿತು ಎಂದರೆ ಆ ಹುಡುಗ ತಿಂದ ಏಟುಗಳನ್ನು ಅಳಿಸಿಹಾಕಿದಂತೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಬರಬಹುದು. ಅವಮಾನದ ಭಯವೇ ಕಾರಣವಾದರೆ ಫ್ರೆಂಚರು ‘ತು’ವನ್ನು ಯಾಕೆ ಉಳಿಸಿಕೊಂಡರು? ಜಾತಿಯ ಮೆಟ್ಟಿಲು ಇಷ್ಟು ಕಡಿದಾಗಿರುವ ನಮ್ಮ ನಾಡಿನಲ್ಲಿ ‘ನೀನು’ ಯಾಕೆ ಉಳಿಯಿತು? ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಭಯವೊಂದೇ ಸಾಲದು. ‘ದೌ’ ಜೊತೆಗೆ ಕ್ರಿಯಾಪದಕ್ಕೆ ಬೇರೆ ಪ್ರತ್ಯಯ ಹಚ್ಚಬೇಕಿತ್ತು, ಇಂಗ್ಲಿಷೋ ಪ್ರತ್ಯಯಗಳನ್ನೆಲ್ಲ ಕಳಚಿಕೊಳ್ಳುತ್ತಿದ್ದ ಕಾಲ ಅದು. ಕ್ವೇಕರರ ಬಾಯಲ್ಲಿ ‘ದೌ’ ಒಂದು ಪಂಥದ ಗುರುತಾದದ್ದರಿಂದ ಮರ್ಯಾದಸ್ಥರು ಅದರಿಂದ ಇನ್ನಷ್ಟು ದೂರ ಸರಿದಿರಲೂಬಹುದು. ಹೀಗೆ ಹಲವು ಕಾರಣಗಳನ್ನು ಕೂಡಿಸಿ ಹೇಳಬಹುದು. ಸಮಾನತೆಯನ್ನು ಮಾತ್ರ ಆ ಪಟ್ಟಿಗೆ ಸೇರಿಸಲಾಗದು.

ಸತ್ತ ಮೇಲೆ ಈ ಪದಕ್ಕೆ ಬಂದ ಪಟ್ಟಾಭಿಷೇಕದ ಕಥೆ ಬೇರೆಯೇ. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಮೂಲದ ಗ್ರೀಕಿನ ಏಕವಚನಕ್ಕೆ ‘ದೌ’, ಬಹುವಚನಕ್ಕೆ ‘ಯೀ’ ಎಂದು ಸರಳವಾಗಿ ಇಟ್ಟುಕೊಂಡ. 1611ರ ಕಿಂಗ್ ಜೇಮ್ಸ್ ಬೈಬಲ್ ಅದನ್ನೇ ಅನುಸರಿಸಿತು. ಅಲ್ಲಿ ದೇವರಿಗೆ ‘ದೌ’, ಸೈತಾನನಿಗೂ ‘ದೌ’. ಇದು ಭಕ್ತಿಯೂ ಅಲ್ಲ, ಕೆಲವು ಬೋಧಕರು ಈಚೆಗೆ ಹೇಳುವ ಹಾಗೆ ದೇವರೊಂದಿಗಿನ ಸಲುಗೆಯೂ ಅಲ್ಲ, ಬರೀ ವಚನ. ಆ ವಚನದ ಲೆಕ್ಕಕ್ಕೂ ತನ್ನದೇ ಸೊಗಸಿತ್ತು. ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾನೆ: ಸೈತಾನ ಕೇಳಿರುವುದು ‘ನಿಮ್ಮೆಲ್ಲರನ್ನು’, ನಾನು ಪ್ರಾರ್ಥಿಸಿರುವುದು ‘ನಿನಗಾಗಿ’. 1611ರ ಇಂಗ್ಲಿಷಿನಲ್ಲಿ ಆ ಭೇದ ಕಿವಿಗೆ ಬೀಳುತ್ತಿತ್ತು. ಈಗಿನ ಇಂಗ್ಲಿಷಿನಲ್ಲಿ ಎರಡೂ ‘ಯೂ’, ಯಾರನ್ನು ಯಾರು ಕೇಳಿದರೆಂದು ಟಿಪ್ಪಣಿ ನೋಡಿ ತಿಳಿಯಬೇಕು.

ಬೀದಿಯಲ್ಲಿ ಪದ ಸತ್ತಿತು, ಚರ್ಚಿನಲ್ಲಿ ಉಳಿಯಿತು. ತಲೆಮಾರುಗಳು ಅದನ್ನು ಪ್ರಾರ್ಥನೆಯಲ್ಲಿ ಮಾತ್ರ ಕೇಳುತ್ತಾ ಬೆಳೆದ ಮೇಲೆ ಅದಕ್ಕೆ ಧೂಪದ ವಾಸನೆ ಹತ್ತಿತು. 1952ರ ಪರಿಷ್ಕೃತ ಬೈಬಲ್ ಮನುಷ್ಯರಿಗೆಲ್ಲ ‘ಯೂ’ ಎಂದಿತು, ಭೂಮಿಯ ಮೇಲೆ ನಡೆದಾಡಿದ ಯೇಸುವಿಗೂ ‘ಯೂ’ ಎಂದಿತು, ‘ದೌ’ವನ್ನು ದೇವರಿಗೆಂದೇ ಮೀಸಲಿಟ್ಟಿತು. ಮೂಲದಲ್ಲಿಲ್ಲದ, 1611ರಲ್ಲೂ ಇಲ್ಲದ ಗೌರವವನ್ನು ಅನುವಾದಕರು ಕೈಯಾರೆ ಕಟ್ಟಿಕೊಟ್ಟರು. ಮಾರ್ಟಿನ್ ಬೂಬರ್ 1923ರಲ್ಲಿ ಜರ್ಮನ್ನಿನಲ್ಲಿ ಬರೆದ ‘ಇಷ್ ಉಂಟ್ ಡು’ ಕೃತಿಯ ಹೆಸರು ನೇರವಾಗಿ ‘ನಾನು ಮತ್ತು ನೀನು’. ಮಗುವಿಗೆ, ಗೆಳೆಯನಿಗೆ ಹೇಳುವ ‘ನೀನು’ ಅದು. 1937ರ ಇಂಗ್ಲಿಷ್ ಅನುವಾದ ಅದನ್ನು ‘ಐ ಅಂಡ್ ದೌ’ ಮಾಡಿ ಗರ್ಭಗುಡಿಗೆ ಸೇರಿಸಿತು. 1970ರಲ್ಲಿ ಮತ್ತೆ ಅನುವಾದಿಸಿದ ವಾಲ್ಟರ್ ಕೌಫ್ಮನ್ ಇದಕ್ಕೆ ಸಿಡುಕಿ ಒಳಗೆಲ್ಲ ‘ಯೂ’ ಬಳಸಿದ, ಹೊದಿಕೆಯ ಮೇಲಿನ ಹೆಸರು ಮಾತ್ರ ಬದಲಾಗಲಿಲ್ಲ. 1980ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಡಾರ್ತ್ ವೇಡರ್ ಚಕ್ರವರ್ತಿಯ ಮುಂದೆ ಮಂಡಿಯೂರಿ, ಅತಿ ವಿನಯದಿಂದ, ‘ದೌ’ವಿನ ಷಷ್ಠೀ ರೂಪವನ್ನೇ ಬಳಸುತ್ತಾನೆ. ಷೇಕ್ಸ್‌ಪಿಯರ್‌ನ ಕಾಲದ ಆಸ್ಥಾನದಲ್ಲಿ ಅದು ಉದ್ಧಟತನ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ‘ತಾವು’ ಎಂದು ಬರೆದದ್ದೂ ಇದೇ ಧೂಪದ ವಾಸನೆಯಿಂದ.

ನಾನು ಈ ಪದದ ಬೆನ್ನು ಹತ್ತಿದ್ದಕ್ಕೆ ನಿಜವಾದ ಕಾರಣ ‘ಹ್ಯಾಮ್ಲೆಟ್’. ಮೂರನೇ ಅಂಕದಲ್ಲಿ ತಾಯಿ ಗರ್ಟ್ರೂಡ್ ಮಗನನ್ನು ತನ್ನ ಕೋಣೆಗೆ ಕರೆಸಿಕೊಂಡಿದ್ದಾಳೆ. ಮೊದಲ ಮಾತಿನಲ್ಲಿ ಅವಳು ಮಗನಿಗೆ ‘ದೌ’ ಎನ್ನುತ್ತಾಳೆ: ನೀನು ನಿನ್ನ ತಂದೆಯನ್ನು ನೋಯಿಸಿದ್ದೀಯ. ಅವಳ ವಾಕ್ಯವನ್ನೇ ತಿರುಗಿಸಿ ಮಗ ಕೊಡುವ ಉತ್ತರದಲ್ಲಿ ತಾಯಿಗೆ ‘ಯೂ’. ಮಗ ತಾಯಿಗೆ ಹಾಗೆನ್ನುವುದು ರೂಢಿಯೇ, ಆದರೆ ಆ ಹೊತ್ತಿಗೆ ಅದು ಮಂಜುಗಡ್ಡೆ. ಮೂರನೆಯ ಮಾತಿಗೆ ತಾಯಿಯೂ ‘ಯೂ’ಗೆ ಸರಿಯುತ್ತಾಳೆ. ಕನ್ನಡದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕೇ? ಯಾವತ್ತೂ ‘ಬಾರೋ’, ‘ತಿನ್ನೋ’ ಎನ್ನುವ ಅಮ್ಮ ಒಂದು ದಿನ ಮುಖ ತಿರುಗಿಸಿ ‘ನೀವು ದೊಡ್ಡವರಾದಿರಿ, ನಿಮಗೆ ನಾನೇನು ಹೇಳಲಿ’ ಎಂದರೆ ಎದೆ ಧಸಕ್ಕೆನ್ನುತ್ತದೆ. ಹ್ಯಾಮ್ಲೆಟ್ ಅವಳನ್ನು ಹಿಡಿದು ಕೂರಿಸಿ ಮೇಲೇಳದಂತೆ ತಡೆದಾಗ, ಪ್ರಾಣಭಯದಲ್ಲಿ ಅವಳ ಬಾಯಿಂದ ಮತ್ತೆ ‘ದೌ’ ಹೊರಡುತ್ತದೆ. ಹತ್ತು ಹದಿನೈದು ಸಾಲುಗಳಲ್ಲಿ ಒಂದು ಸಂಬಂಧ ಬಿಗಿದು, ಹರಿದು, ಹೆದರುತ್ತದೆ, ಎಲ್ಲವೂ ಸರ್ವನಾಮದಲ್ಲಿ. ‘ಕಿಂಗ್ ಲಿಯರ್’ನ ಮೊದಲ ದೃಶ್ಯದಲ್ಲಿ ನಿಷ್ಠಾವಂತ ಕೆಂಟ್, ಮಗಳನ್ನು ಹೊರದೂಡುತ್ತಿರುವ ದೊರೆಗೆ ತುಂಬಿದ ಸಭೆಯಲ್ಲಿ ‘ದೌ’ ಎಂದು, ಮುದುಕ ಎಂದು ಕೂಗುತ್ತಾನೆ. ಗಡೀಪಾರಾಗುತ್ತಾನೆ.

ಇದರ ಅರ್ಥ ಪಠ್ಯಪುಸ್ತಕದ ಕೋಷ್ಟಕ ಎಲ್ಲ ಕಡೆ ನಡೆಯುತ್ತದೆ ಎಂದಲ್ಲ. 1960ರಲ್ಲಿ ಬ್ರೌನ್ ಮತ್ತು ಗಿಲ್ಮನ್ ಎಂಬ ವಿದ್ವಾಂಸರು ತಮ್ಮ ಹೆಸರಾಂತ ಪ್ರಬಂಧದಲ್ಲಿ ಇಂಥ ಸರ್ವನಾಮಗಳನ್ನು ಅಧಿಕಾರ ಮತ್ತು ಒಡನಾಟ ಎಂಬ ಎರಡು ಎಳೆಗಳಲ್ಲಿ ವಿವರಿಸಿದರು. ಚೌಕಟ್ಟು ಚೆನ್ನಾಗಿದೆ, ಆದರೆ ವಿಮರ್ಶಕರು ಅದನ್ನು ಅಳತೆಪಟ್ಟಿ ಮಾಡಿಕೊಂಡರು. ಷೇಕ್ಸ್‌ಪಿಯರ್‌ನ ಸಾನೆಟ್ಟುಗಳೇ ಅದಕ್ಕೆ ಬಗ್ಗುವುದಿಲ್ಲ. ಕೆಲವು ‘ದೌ’ ಎನ್ನುತ್ತವೆ, ಕೆಲವು ‘ಯೂ’ ಎನ್ನುತ್ತವೆ, ಪ್ರೀತಿ ಕೂಡಿ ಕಳೆದು ನೋಡಿದರೆ ಲೆಕ್ಕ ಸಿಗುವುದಿಲ್ಲ. ಮುಖ್ಯವಾದದ್ದು ಯಾವ ಪದ ಎಂಬುದಲ್ಲ, ಪದ ಎಲ್ಲಿ ಬದಲಾಯಿತು ಎಂಬುದು.

ಇಂಗ್ಲಿಷ್ ಮಾತಾಡುವವರಿಗೆ ಈ ನಷ್ಟ ತಟ್ಟದೆ ಇರಲಿಲ್ಲ. 18ನೇ ಶತಮಾನದಲ್ಲಿ ಒಳ್ಳೆಯ ಲೇಖಕರೂ ಒಬ್ಬನಿಗೆ ‘ಯೂ ವಾಸ್’, ಹಲವರಿಗೆ ‘ಯೂ ವರ್’ ಎಂದು ಬರೆದು ಭೇದವನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಅದನ್ನು ಘೋರ ಪ್ರಮಾದವೆಂದ, ಶಾಲೆಗಳು ಅವನ ಮಾತನ್ನು ಪಾಲಿಸಿದವು. ಅಮೆರಿಕದ ದಕ್ಷಿಣದ ‘ಯಾಲ್’ ಇಂದಿಗೂ ಆ ತೂತಿಗೆ ಹಾಕಿದ ತೇಪೆ. ಯಾರ್ಕ್‌ಷೈರಿನಂಥ ಕಡೆ ‘ದೌ’ ಪೂರ್ತಿ ಸಾಯಲಿಲ್ಲ; ಶೆಫೀಲ್ಡಿನವರ ಬಾಯಲ್ಲಿ ಅದು ಕೇಳಿಸುವ ರೀತಿಯಿಂದಲೇ ಪಕ್ಕದ ಬಾರ್ನ್ಸ್‌ಲಿಯವರು ಅವರಿಗೆ ‘ದೀ-ದಾ’ ಎಂಬ ಅಡ್ಡಹೆಸರಿಟ್ಟರು.

ಇಂಗ್ಲಿಷ್ ಕಳೆದುಕೊಂಡ ಈ ಕಿವಿ ಕನ್ನಡಕ್ಕೆ ಇನ್ನೂ ಇದೆ. ದೇವರಿಗೆ ‘ಕಾಪಾಡಪ್ಪಾ’ ಎಂದು, ಅರ್ಚಕರಿಗೆ ‘ತೀರ್ಥ ಕೊಡಿ’ ಎನ್ನುವವರು ನಾವು. ಷೇಕ್ಸ್‌ಪಿಯರ್‌ನನ್ನು ಕನ್ನಡಕ್ಕೆ ತರುವವರಲ್ಲಿ ನನ್ನದು ಒಂದೇ ಕೋರಿಕೆ. ಹಳೆಯ ಇಂಗ್ಲಿಷಿನ ಗಾಂಭೀರ್ಯಕ್ಕೆಂದು ‘ದೌ’ ಬಂದಲ್ಲೆಲ್ಲ ‘ತಾವು’ ಹಾಕಬೇಡಿ, ರಾಣಿಯಾದ ಕಾರಣಕ್ಕೆ ಆರಂಭದಿಂದ ಕೊನೆಯವರೆಗೆ ‘ನೀವು’ ಎಂದೂ ಆಡಿಸಬೇಡಿ. ಗರ್ಟ್ರೂಡ್ ಮಗನಿಗೆ ಮೊದಲ ಮಾತಿನಲ್ಲಿ ‘ನೀನು’ ಎನ್ನಲಿ, ಮೂರನೆಯ ಮಾತಿನಲ್ಲಿ ‘ನೀವು’ ಎನ್ನಲಿ.