ಕಲ್ಯಾಣಪ್ಪನ ಹೆಸರೂ ೧೮೩೭ರ ದಂಡಿನ ನಾಯಕತ್ವವೂ

ಯುದ್ಧಕ್ಕೆ ಜನರು ಇಟ್ಟ ಹೆಸರೇ ಆ ಯುದ್ಧದ ಮೊದಲನೆಯ ವ್ಯಾಖ್ಯಾನವು. ೧೮೩೭ನೆಯ ಇಸವಿಯ ಮಾರ್ಚಿ ತಿಂಗಳ ಕೊನೆಯಲ್ಲಿ ಸುಳ್ಯ ಸೀಮೆಯಿಂದ ಹೊರಟು, ಪುತ್ತೂರು ಬಂಟವಾಳಗಳನ್ನು ಹಾದು, ಏಪ್ರಿಲಿನಲ್ಲಿ ಮಂಗಳೂರನ್ನು ಹಿಡಿದ ದಂಡಿನ ವೃತ್ತಾಂತವು ದಕ್ಷಿಣ ಕನ್ನಡದಲ್ಲಿ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಪ್ರಸಿದ್ಧವಾಗಿದ್ದಿತು. ಈ ಹೆಸರಿನಲ್ಲಿ ಎರಡು ತೀರ್ಪುಗಳು ಅಡಗಿರುವುವು. ‘ಕಾಟಕಾಯಿ’ ಎಂಬುದರಿಂದ ಅದು ಸುಲಿಗೆಯೆಂದೂ, ‘ಕಲ್ಯಾಣಪ್ಪನ’ ಎಂಬುದರಿಂದ ಅದು ಒಬ್ಬನ ಕೃತ್ಯವೆಂದೂ ಏರ್ಪಡುವುದು. ಮೊದಲನೆಯ ತೀರ್ಪನ್ನು ಈಚಿನ ವಿದ್ವಾಂಸರು ತಿದ್ದಿರುವರು. ಅಮರಸುಳ್ಯದ ಸ್ವಾತಂತ್ರ್ಯಸಮರವೆಂಬ ಹೆಸರು ಈಗ ರೂಢಿಗೆ ಬಂದಿದೆ. ಎರಡನೆಯದು ಇನ್ನೂ ವಿಚಾರಣೀಯವಾದುದು.

ಕಲ್ಯಾಣಪ್ಪನೆಂದರೆ ಯಾರು? ೧೮೩೪ರಲ್ಲಿ ಕಂಪೆನಿಯವರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಕೊಡಗನ್ನು ವಶಪಡಿಸಿಕೊಂಡರು. ಕೊಡಗಿಗೆ ಸೇರಿದ್ದ ಸುಳ್ಯ ಪುತ್ತೂರುಗಳ ಸೀಮೆಯನ್ನು ಕನ್ನಡ ಜಿಲ್ಲೆಗೆ ಕೂಡಿಸಿದರು. ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಗಿ ಬಂದುದು ರೈತರಿಗೆ ದುಸ್ಸಹವಾಯಿತು. ಆಗ ಹಾಲೇರಿಯ ರಾಜವಂಶದ ಹಕ್ಕನ್ನು ಹೇಳಿಕೊಂಡು ಮುಂದೆ ಬಂದವನು ಸ್ವಾಮಿ ಅಪರಂಪಾರ. ಅವನು ಸೆರೆಸಿಕ್ಕಿದ ಬಳಿಕ ಕಲ್ಯಾಣಸ್ವಾಮಿ. ಅವನೂ ಸೆರೆಯಾದ ಮೇಲೆ ದಂಡಿನ ಮುಂದೆ ನಿಂತವನು ಪುಟ್ಟಬಸಪ್ಪ. ಆದರೆ ಪುಟ್ಟಬಸಪ್ಪನು ತನ್ನ ಹೆಸರಿನಿಂದ ದಂಡನ್ನು ನಡೆಸಲಿಲ್ಲ, ಕಲ್ಯಾಣಸ್ವಾಮಿಯೆಂದೇ ಕರೆಯಿಸಿಕೊಂಡನು. ನಿರಂಜನರು ಈ ವಸ್ತುವನ್ನೆತ್ತಿಕೊಂಡು ರಚಿಸಿದ ಕಾದಂಬರಿಗಳಿಗೂ ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಎಂಬುವೇ ಹೆಸರುಗಳು. ಪುಟ್ಟಬಸಪ್ಪನ ಹೆಸರು ಅಲ್ಲಿಯೂ ಶೀರ್ಷಿಕೆಗೆ ಏರಲಿಲ್ಲ.

ಭಾರತಕಥೆಯಲ್ಲಿ ಭೀಷ್ಮನು ಬಿದ್ದಾಗ ದ್ರೋಣನಿಗೂ, ದ್ರೋಣನು ಮಡಿದಾಗ ಕರ್ಣನಿಗೂ, ಅನಂತರ ಶಲ್ಯನಿಗೂ ಸೇನಾಧಿಪತ್ಯದ ಪಟ್ಟವಾಗುವುದು. ಅದರೊಡನೆ ಪರ್ವದ ಹೆಸರೂ ಬದಲಾಗುವುದು. ೧೮೩೭ರಲ್ಲಿ ನಡೆದುದು ಇದಕ್ಕೆ ವಿಪರೀತ: ನಾಯಕರು ಬದಲಾದರು, ಹೆಸರು ನಿಂತಿತು. ಇದನ್ನು ವೇಷಧಾರಿಯ ವಂಚನೆಯೆಂದು ತಳ್ಳಿಬಿಡುವುದು ಸುಲಭವಾದರೂ ನ್ಯಾಯವಲ್ಲ. ಗುಡ್ಡೆಮನೆ ಅಪ್ಪಯ್ಯಗೌಡ, ಕೆದಂಬಾಡಿ ರಾಮಗೌಡ ಮೊದಲಾದ ಮುಖಂಡರಿಗೆ ಮುಂದೆ ನಿಂತವನು ಬೇರೊಬ್ಬನೆಂಬುದು ತಿಳಿಯದೆ ಇದ್ದಿರಲಾರದು. ಕಲ್ಯಾಣಸ್ವಾಮಿ ಎಂಬುದು ಅವರ ಪಾಲಿಗೆ ಒಂದು ಪಟ್ಟದ ಹೆಸರಾಗಿದ್ದಿತೆಂದು ತಿಳಿದರೆ ಮಾತ್ರ ಕಥೆಯು ಸಂಗತವಾಗುವುದು.

ಆ ಪಟ್ಟದ ಶಕ್ತಿಯೂ ಮಿತಿಯೂ ಸ್ಪಷ್ಟವಾಗಿ ಕಾಣುವುದು ಬಂಟವಾಳ ಸೀಮೆಯಲ್ಲಿ. ದಂಡಿನ ಜೊತೆಗೂಡಿದ ನಂದಾವರದ ಲಕ್ಷ್ಮಪ್ಪ ಬಂಗರಸನು ಜೈನ ಅರಸುಮನೆತನದವನು. ಬೆಳ್ತಂಗಡಿ ಸೀಮೆಯ ಬಂಗಾಡಿ ಆ ಮನೆತನದ ಹಳೆಯ ನೆಲೆ. ನೇತ್ರಾವತಿಯ ತಡಿಯ ನಂದಾವರ ಮತ್ತೊಂದು. ಮೂಡಬಿದಿರೆಯ ಚೌಟರಂತೆ ಬಂಗರೂ ಹಿಂದಿನ ಅಧಿಕಾರವನ್ನು ಕಳೆದುಕೊಂಡವರು. ಸುಳ್ಯದ ಗೌಡರಿಗೆ ಹಾಲೇರಿಯ ವೀರಶೈವ ದೊರೆತನವು ನೆನಪಿನಲ್ಲಿದ್ದ ಆಳ್ವಿಕೆ. ಬಂಗರಸನಿಗೆ ಅದು ಪರಕೀಯ. ಕುಂಬಳೆಯ ಸುಬ್ರಾಯ ಹೆಗ್ಗಡೆಯೂ ಕೂಡಿಕೊಂಡನು. ಇವರೆಲ್ಲರನ್ನೂ ಒಂದುಗೂಡಿಸಿದುದು ಕಂಪೆನಿಯ ಮೇಲಣ ವಿರೋಧವೇ ಹೊರತು ಒಬ್ಬ ದೊರೆಯ ಮೇಲಣ ಭಕ್ತಿಯಲ್ಲ. ಆದುದರಿಂದ ಇದನ್ನು ಮಿತ್ರಪಕ್ಷಗಳ ಕೂಟವೆಂದು ಕರೆಯುವುದೇ ಯುಕ್ತವು.

ಏಪ್ರಿಲ್ ೫ರಂದು ಮಂಗಳೂರನ್ನು ಸೇರಿದ ಈ ಕೂಟವು ಅದನ್ನು ೧೩ ದಿನ ಹಿಡಿದಿದ್ದಿತೆಂದು ಪ್ರಸಿದ್ಧಿ. ಕಣ್ಣಾನೂರು ಮೊದಲಾದ ಕಡೆಗಳಿಂದ ಕಂಪೆನಿಯ ಪಡೆಗಳು ಬಂದೊಡನೆ ಅದು ಚದುರಿತು. ಅತ್ತ ಕೊಡಗಿನಲ್ಲಿ ದಿವಾನ ಅಪ್ಪಾರಂಡ ಬೋಪುವಿನ ಮುಂದಾಳುತನದಲ್ಲಿ ಕೊಡವರ ಪಡೆಯು ಕಂಪೆನಿಯ ಪಕ್ಷವಾಗಿ ನಿಂತಿತು. ಅದಕ್ಕಾಗಿ ಕಂಪೆನಿಯವರು ಕೊಟ್ಟ ಪದಕದ ಮೇಲೆ ಕನ್ನಡ ಬರಹವೂ ಇರುವುದು. ಯಾವ ಹೆಸರಿನಿಂದ ದಂಡು ಕೂಡಿದ್ದಿತೋ ಆ ಹೆಸರಿಗೆ ಕೊಡಗಿನಲ್ಲಿಯೇ ಎಲ್ಲರ ಮನ್ನಣೆ ದೊರೆಯಲಿಲ್ಲ. ಜನರನ್ನು ಕರೆದು ಕೂಡಿಸಲು ಹೆಸರೊಂದು ಸಾಕು; ಬೇರೆ ಬೇರೆ ಸೀಮೆಗಳ ಪಡೆಗಳನ್ನು ಸೋಲಿನ ಹೊತ್ತಿನಲ್ಲಿ ಒಂದಾಗಿ ನಿಲ್ಲಿಸಲು ಎಲ್ಲರೂ ಒಪ್ಪಿದ ಆಜ್ಞೆಯೊಂದು ಬೇಕು. ಪಟ್ಟದ ಹೆಸರು ಆ ಆಜ್ಞೆಯ ಸ್ಥಾನವನ್ನು ತುಂಬಲಾರದೆ ಹೋಯಿತು.

ಆದರೂ ಕೂಟವು ಬರಿಯ ಹೆಸರಿನದಾಗಿರಲಿಲ್ಲ. ಪುಟ್ಟಬಸಪ್ಪನಂತೆ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಹಾಲೇರಿಯ ಹಕ್ಕಿಗೆ ಬದ್ಧನಲ್ಲದ ಅರಸನು ಅದೇ ದಂಡನೆಯನ್ನು ಹೊತ್ತನೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ‘ನವನಾರೀಕುಂಜರ’ವೆಂಬ ಮರದ ಕೆತ್ತನೆಯಿದೆ: ದೂರದಿಂದ ಆನೆ, ಹತ್ತಿರದಿಂದ ಒಂಬತ್ತು ಮಂದಿ ಹೆಂಗಸರು. ೧೮೩೭ರ ದಂಡನ್ನು ಇದುವರೆಗೆ ಹೆಚ್ಚಾಗಿ ಆನೆಯೆಂದೇ ನೋಡಿದುದಾಯಿತು. ಪಾಠಹೇಳುವವರು ‘ಕಾಟಕಾಯಿ’ ಎಂಬ ಮಾತನ್ನು ತಿದ್ದುವುದರೊಡನೆ ‘ಕಲ್ಯಾಣಪ್ಪನ’ ಎಂಬ ಷಷ್ಠೀವಿಭಕ್ತಿಯನ್ನೂ ಬಿಡಿಸಿ ತೋರಿಸಬೇಕಾಗಿದೆ. ಪುಟ್ಟಬಸಪ್ಪನಿಗೂ ಬಂಗರಸನಿಗೂ ಸುಳ್ಯದ ಗೌಡರಿಗೂ ಸಲ್ಲಬೇಕಾದ ಸ್ಥಾನವು ಆಗ ಸಲ್ಲುವುದು.